ಎಚ್ಚರಿಕೆ ತಲುಪಿತ್ತು, ಅರ್ಥ ತಲುಪಿರಲಿಲ್ಲ

2013ರ ನವೆಂಬರ್ 8ರ ನಸುಕಿನಲ್ಲಿ ಫಿಲಿಪ್ಪೀನ್ಸ್ ದೇಶದ ಪೂರ್ವ ತೀರಕ್ಕೆ ಒಂದು ಟೈಫೂನ್ ಅಪ್ಪಳಿಸಿತು. ನಾವು ಚಂಡಮಾರುತವೆಂದು ಕರೆಯುವುದನ್ನೇ ಪೆಸಿಫಿಕ್ ಸಾಗರದ ಪಶ್ಚಿಮ ಭಾಗದಲ್ಲಿ ಟೈಫೂನ್ ಎನ್ನುತ್ತಾರೆ. ಜಗತ್ತು ಅದನ್ನು 'ಹೈಯಾನ್' ಎಂದು ಹೆಸರಿಸಿತು. ಆ ದೇಶದವರು 'ಯೋಲಾಂಡಾ' ಎಂದರು. ಅದರ ಗಾಳಿಯ ವೇಗ ಗಂಟೆಗೆ 300 ಕಿಲೋಮೀಟರನ್ನೂ ಮೀರಿತ್ತೆಂದು ಅಮೆರಿಕದ ಹವಾಮಾನ ತಜ್ಞರು ಅಂದಾಜಿಸಿದರು. ಸರ್ಕಾರಿ ಲೆಕ್ಕದಂತೆ ಸತ್ತವರು 6,300 ಮಂದಿ. ಕಾಣೆಯಾದವರು ಇನ್ನೂ ಸಾವಿರಕ್ಕೂ ಹೆಚ್ಚು. ಹಾನಿಗೊಂಡ ಮನೆಗಳು ಹನ್ನೊಂದು ಲಕ್ಷದಷ್ಟು.

ಕಡಲ ಸುದ್ದಿ ಬೆಟ್ಟದ ಪತ್ರಿಕೆಗೇಕೆ ಎಂದು ಕೇಳುವ ಹಕ್ಕು ಓದುಗರಿಗಿದೆ. ಉತ್ತರ ಇಷ್ಟೇ: ಈ ಚಂಡಮಾರುತ ಯಾರಿಗೂ ಹೇಳದೆ ಬಂದದ್ದಲ್ಲ. ಅದು ಹುಟ್ಟಿದ ದಿನದಿಂದಲೇ ಉಪಗ್ರಹಗಳು ಅದನ್ನು ನೋಡುತ್ತಿದ್ದವು. ಎಲ್ಲಿಗೆ ಬರುತ್ತದೆ, ಸುಮಾರು ಯಾವ ಹೊತ್ತಿಗೆ ಬರುತ್ತದೆ ಎಂಬುದು ತಿಳಿದಿತ್ತು. ಹಿಂದಿನ ಸಂಜೆ ಆ ದೇಶದ ಅಧ್ಯಕ್ಷರೇ ದೂರದರ್ಶನದಲ್ಲಿ ಕಾಣಿಸಿಕೊಂಡು ಜನರನ್ನು ಎಚ್ಚರಿಸಿದ್ದರು. ಸುಮಾರು ಎಂಟು ಲಕ್ಷ ಜನರನ್ನು ಮುಂಚಿತವಾಗಿಯೇ ಸ್ಥಳಾಂತರಿಸಲಾಗಿತ್ತು. ಇಷ್ಟೆಲ್ಲ ಇದ್ದೂ ಸಾವಿರಾರು ಜನ ಸತ್ತರು. ಎಚ್ಚರಿಕೆ ಇದ್ದೂ ಜನ ಏಕೆ ಸಾಯುತ್ತಾರೆ ಎಂಬ ಪ್ರಶ್ನೆ ಕಡಲಿನವರದಷ್ಟೇ ಅಲ್ಲ, ಮಳೆಗಾಲದಲ್ಲಿ ಗುಡ್ಡದ ಕೆಳಗೆ ಮಲಗುವ ನಮ್ಮೆಲ್ಲರದು.

ಲೇಯ್ಟೆ ಎಂಬ ದ್ವೀಪದ ಟಾಕ್ಲೋಬಾನ್ ನಗರವನ್ನೇ ತೆಗೆದುಕೊಳ್ಳೋಣ. ಅಲ್ಲಿ ಜನರನ್ನು ಕೊಂದದ್ದು ಬಹುಪಾಲು ಗಾಳಿಯಲ್ಲ, ನೀರು. ಚಂಡಮಾರುತದ ನಡುವಿನಲ್ಲಿ ವಾಯುಭಾರ ಕುಸಿಯುತ್ತದೆ. ಒತ್ತಡ ಇಳಿದೆಡೆ ಕಡಲಿನ ಮಟ್ಟ ಮೇಲೇಳುತ್ತದೆ. ಒಂದು ಮಿಲಿಬಾರ್ ಇಳಿದರೆ ಸುಮಾರು ಒಂದು ಸೆಂಟಿಮೀಟರ್ ಏರಿಕೆ ಎಂಬುದು ಸ್ಥೂಲ ಲೆಕ್ಕ. ಹೈಯಾನ್‌ನ ನಡುವೆ ಒತ್ತಡ 895 ಮಿಲಿಬಾರ್‌ಗೆ ಇಳಿದಿತ್ತೆಂದು ಜಪಾನಿನ ಹವಾಮಾನ ಸಂಸ್ಥೆ ಅಂದಾಜಿಸಿತು. ಸಾಮಾನ್ಯ ದಿನಗಳಲ್ಲಿ ಅದು 1,010ರ ಆಸುಪಾಸಿನಲ್ಲಿರುತ್ತದೆ. ಅಂದರೆ ಒತ್ತಡದ ಇಳಿಕೆಯೊಂದರಿಂದಲೇ ಕಡಲು ಒಂದು ಮೀಟರಿಗಿಂತ ತುಸು ಹೆಚ್ಚು ಉಬ್ಬಬಲ್ಲದು. ಉಳಿದ ಏರಿಕೆಯೆಲ್ಲ ಗಾಳಿಯ ಕೆಲಸ. ಅದು ನೀರನ್ನು ದಡದತ್ತ ನೂಕಿ ಒಟ್ಟುತ್ತದೆ. ಆಳವಿಲ್ಲದ, ಒಳಹೋದಂತೆ ಕಿರಿದಾಗುವ ಕೊಲ್ಲಿಯಿದ್ದರೆ ಆ ನೀರಿಗೆ ಮೇಲೇರುವುದನ್ನು ಬಿಟ್ಟು ಬೇರೆ ದಾರಿಯಿರುವುದಿಲ್ಲ. ಟಾಕ್ಲೋಬಾನ್ ಇರುವುದು ಸಾನ್ ಪೆದ್ರೋ ಎಂಬ ಅಂಥದೇ ಕೊಲ್ಲಿಯ ತುದಿಯಲ್ಲಿ. ಅಲ್ಲಿ ನೀರು ಐದಾರು ಮೀಟರ್ ಎತ್ತರಕ್ಕೆ ಏರಿತು. ಎರಡಂತಸ್ತಿನ ಮನೆಯ ಸೂರನ್ನು ಮುಟ್ಟುವ ಎತ್ತರ ಅದು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಚಂಡಮಾರುತ ಸಮೀಪಿಸುವಾಗ ಗಾಳಿ ಉತ್ತರದ ಕಡೆಯಿಂದ ಬೀಸಿ ಕೊಲ್ಲಿಯ ನೀರನ್ನು ಹೊರಕ್ಕೆ ತಳ್ಳಿತು. ದಡದವರು ಕಂಡದ್ದು ಹಿಂದೆ ಸರಿಯುತ್ತಿದ್ದ ಕಡಲನ್ನು. ಅದರ ಕಣ್ಣು ನಗರದ ದಕ್ಷಿಣಕ್ಕೆ ದಾಟುತ್ತಿದ್ದಂತೆ ಗಾಳಿಯ ದಿಕ್ಕು ತಿರುಗಿತು. ಹೊರಗೆ ಹೋಗಿದ್ದ ನೀರು ಸಾಗರವನ್ನೇ ಬೆನ್ನಿಗೆ ಕಟ್ಟಿಕೊಂಡು ಒಳನುಗ್ಗಿತು. ಆಮೇಲೆ ಓಡಲು ಹೊತ್ತು ಉಳಿದಿರಲಿಲ್ಲ.

ಹವಾಮಾನ ಸಂಸ್ಥೆ ಇದನ್ನು ಮೊದಲೇ ಹೇಳಿರಲಿಲ್ಲವೇ? ಹೇಳಿತ್ತು. ಅಲ್ಲಿಯ ಸಂಸ್ಥೆಯ ಹೆಸರು 'ಪಗಾಸಾ'. ಅವರ ಭಾಷೆಯಲ್ಲಿ ಆ ಪದಕ್ಕೆ ಭರವಸೆ ಎಂಬ ಅರ್ಥವಿದೆ. ಏಳು ಮೀಟರಿನವರೆಗೂ ಕಡಲು ಉಬ್ಬಬಹುದೆಂದು ಅದರ ಪ್ರಕಟಣೆಯಲ್ಲಿತ್ತು. ಆದರೆ ಅಲ್ಲಿದ್ದದ್ದು ಇಂಗ್ಲಿಷಿನ 'ಸ್ಟಾರ್ಮ್ ಸರ್ಜ್' ಎಂಬ ಎರಡು ಪದ. ಲೇಯ್ಟೆಯ ಬೆಸ್ತರು ಮನೆಯಲ್ಲಿ ಆಡುವುದು ವಾರಾಯ್ ಭಾಷೆ. ಓದಿದವರಿಗೂ ಆ ಪದ ಏನನ್ನು ಹೇಳುತ್ತಿದೆ ಎಂಬುದು ಹೊಳೆಯಲಿಲ್ಲ. ದೊಡ್ಡ ಅಲೆಗಳೇಳುತ್ತವೆ ಎಂದಷ್ಟೇ ಅನೇಕರು ಅರ್ಥಮಾಡಿಕೊಂಡರು. ಕಡಲಿನೊಂದಿಗೆ ಹುಟ್ಟಿ ಬೆಳೆದವರಿಗೆ ಅಲೆ ಹೊಸದೇ? ಸುನಾಮಿ ಎಂದಿದ್ದರೆ ಓಡಿ ಬದುಕುತ್ತಿದ್ದೆವು ಎಂದು ಬದುಕುಳಿದವರು ಆಮೇಲೆ ಮತ್ತೆ ಮತ್ತೆ ಹೇಳಿದರು. ವಿಜ್ಞಾನದ ದೃಷ್ಟಿಯಿಂದ ಅದು ಸುನಾಮಿಯಲ್ಲ, ನಿಜ. ಆದರೆ ಸರಿಯಾದ ಪದವನ್ನು ಬಳಸಿದ ಮಾತ್ರಕ್ಕೆ ಸರಿಯಾದ ಅರ್ಥ ತಲುಪಿತೆಂದಲ್ಲ. 'ನಿಮ್ಮ ಮನೆಯ ಸೂರು ಮುಳುಗುವಷ್ಟು ಕಡಲು ನಿಮ್ಮ ಬೀದಿಗೆ ಬರುತ್ತದೆ, ಇಂದು ರಾತ್ರಿಯೊಳಗೆ ಎತ್ತರಕ್ಕೆ ಹೋಗಿ' ಎಂದು ವಾರಾಯ್ ಭಾಷೆಯಲ್ಲಿ ಹೇಳಲು ಯಾವ ಹೊಸ ಪದವೂ ಬೇಕಿರಲಿಲ್ಲ.

ಎರಡನೆಯ ತೊಡಕು ಸಂಕೇತಗಳದು. ಆಗ ಅಲ್ಲಿ ಒಂದರಿಂದ ನಾಲ್ಕರವರೆಗೆ ಚಂಡಮಾರುತದ ಸಂಕೇತಗಳಿದ್ದವು, ನಾಲ್ಕನೆಯದೇ ಕೊನೆಯದು. ಅವೆಲ್ಲವೂ ಅಳೆಯುತ್ತಿದ್ದದ್ದು ಗಾಳಿಯ ವೇಗವನ್ನು. ನಾಲ್ಕನೆಯ ಸಂಕೇತ ಏರಿದಾಗ ಜನ ಗಾಳಿಗೆ ಸಿದ್ಧರಾದರು. ಛಾವಣಿಗೆ ಹಗ್ಗ ಕಟ್ಟಿದರು, ಕಿಟಕಿಗೆ ಹಲಗೆ ಬಡಿದರು, ಗಟ್ಟಿ ಗೋಡೆಯ ಶಾಲೆ, ಚರ್ಚು, ಸಭಾಂಗಣಗಳಲ್ಲಿ ಆಶ್ರಯ ಪಡೆದರು. ಅವುಗಳಲ್ಲಿ ಕೆಲವು ಕಡಲಿನ ಪಕ್ಕದಲ್ಲಿಯೇ ಇದ್ದವು. ಗಾಳಿಯನ್ನು ತಡೆಯಬಲ್ಲ ಕಟ್ಟಡಗಳೊಳಗೆ ನೀರು ನುಗ್ಗಿತು. ಎಚ್ಚರಿಕೆಯನ್ನು ಪಾಲಿಸಿದವರೂ ಹಾಗೆ ಸತ್ತರು. ಹಲವು ಮನೆಗಳಲ್ಲಿ ಹೆಂಗಸರು ಮಕ್ಕಳನ್ನು ಕಳುಹಿಸಿ ಗಂಡಸರು ಸಾಮಾನು ಕಾಯಲು ಉಳಿದಿದ್ದರು. ಅವರನ್ನು ಹಳಿಯುವುದು ಸುಲಭ. ದೋಣಿ, ಬಲೆ, ಹಂದಿಮರಿ ಇವೇ ಆಸ್ತಿಯಾದವನಿಗೆ ಅವನ್ನು ಬಿಟ್ಟು ಬಾ ಎನ್ನುವ ಮೊದಲು, ಅವು ಹೋದರೆ ಗತಿಯೇನೆಂಬುದಕ್ಕೂ ಉತ್ತರ ಕೊಡಬೇಕಾಗುತ್ತದೆ.

ಮೂರನೆಯದು ಮರೆವು. 1897ರ ಅಕ್ಟೋಬರಿನಲ್ಲಿ ಇದೇ ಲೇಯ್ಟೆ ಮತ್ತು ನೆರೆಯ ಸಮಾರ್ ದ್ವೀಪಗಳ ಮೇಲೆ ಇಂಥದೇ ಚಂಡಮಾರುತ ಬಂದಿತ್ತು, ಕಡಲು ಇದೇ ರೀತಿ ಊರುಗಳೊಳಗೆ ನುಗ್ಗಿತ್ತು. ಮನಿಲಾದ ವೀಕ್ಷಣಾಲಯದ ಪಾದ್ರಿ ಹೋಸೆ ಆಲ್ಗೇ ಅದನ್ನು ಕುರಿತು ಪುಸ್ತಕವನ್ನೇ ಬರೆದಿದ್ದರು. ಪುಸ್ತಕ ಗ್ರಂಥಾಲಯದಲ್ಲಿ ಉಳಿಯಿತು, ನೆನಪು ಬೀದಿಯಲ್ಲಿ ಉಳಿಯಲಿಲ್ಲ. ಹೋದ ಕಡಲು ಮತ್ತೆ ಬರುತ್ತದೆ ಎಂದು ಮೊಮ್ಮಕ್ಕಳಿಗೆ ಹೇಳುವ ಅಜ್ಜಿಯರ ಸರಪಳಿ ನಡುವೆ ಎಲ್ಲಿಯೋ ಕಡಿದಿತ್ತು.

ಹಾಗಾದರೆ ಅಂದು ಯಾರೂ ಉಳಿಯಲಿಲ್ಲವೇ? ಉಳಿದರು, ಒಂದು ಪುಟ್ಟ ದ್ವೀಪಕ್ಕೆ ದ್ವೀಪವೇ ಉಳಿಯಿತು. ಸೆಬು ಪ್ರಾಂತ್ಯದ ಕಮೋತೆಸ್ ದ್ವೀಪಗಳ ಸಾನ್ ಫ್ರಾನ್ಸಿಸ್ಕೋ ಪುರಸಭೆಗೆ ಸೇರಿದ ತುಲಾಂಗ್ ದಿಯೋತ್‌ನಲ್ಲಿ ಸುಮಾರು ಒಂದು ಸಾವಿರ ಜನರಿದ್ದರು, ಸುಮಾರು ಐನೂರು ಮನೆಗಳಿದ್ದವು. ಚಂಡಮಾರುತಕ್ಕೆ ಮೊದಲೇ ಅಷ್ಟೂ ಜನ ದೋಣಿಯೇರಿ ದೊಡ್ಡ ದ್ವೀಪಕ್ಕೆ ಹೋದರು. ಮರಳಿ ಬಂದಾಗ ಒಂದು ಮನೆಯೂ ನಿಂತಿರಲಿಲ್ಲ. ಸತ್ತವರು ಮಾತ್ರ ಒಬ್ಬರೂ ಇಲ್ಲ. ಅಲ್ಲಿ 'ಪುರೋಕ್' ಎಂಬ ವ್ಯವಸ್ಥೆಯಿದೆ. ಕೆಲವು ಹತ್ತು ಮನೆಗಳ ಕೇರಿಗೊಂದು ಕೂಟ, ಕೂಟಕ್ಕೊಬ್ಬ ಮುಖಂಡ, ಮನೆಮನೆಯಿಂದ ಎತ್ತಿದ ಚಿಕ್ಕ ನಿಧಿ. ಕಸ ವಿಲೇವಾರಿಯಿಂದ ಕಷ್ಟಕಾಲದ ಸಾಲದವರೆಗೆ ಎಲ್ಲವೂ ಅದೇ ಕೂಟದಲ್ಲಿ ನಡೆಯುತ್ತದೆ. ಆದ್ದರಿಂದ 'ಹೊರಡಿ' ಎಂಬ ಮಾತು ಅವರಿಗೆ ದೂರದ ಅಧಿಕಾರಿಯೊಬ್ಬನ ಆಜ್ಞೆಯಾಗಿ ಬರಲಿಲ್ಲ, ನಿನ್ನೆ ಜೊತೆಗೆ ಕೂತು ಮಾತಾಡಿದವನ ಮಾತಾಗಿ ಬಂತು. ಯಾವ ಮನೆಯಲ್ಲಿ ನಡೆಯಲಾರದ ಮುದುಕಿಯಿದ್ದಾಳೆ ಎಂಬುದಕ್ಕೆ ಅವರು ಪಟ್ಟಿ ನೋಡಬೇಕಾಗಿರಲಿಲ್ಲ. ವಿಶ್ವಸಂಸ್ಥೆಯ ಸಸಕಾವಾ ಪ್ರಶಸ್ತಿ ಈ ಪುರಸಭೆಗೆ 2011ರಲ್ಲಿಯೇ ಬಂದಿತ್ತು. 2013 ಅದಕ್ಕೆ ನಿಜವಾದ ಪರೀಕ್ಷೆಯಾಯಿತು.

ನಮ್ಮ ದೇಶದಲ್ಲಿಯೂ ಇದಕ್ಕೆ ಸಾಕ್ಷಿಯಿದೆ. 1999ರ ಮಹಾ ಚಂಡಮಾರುತದಲ್ಲಿ ಒಡಿಶಾದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಆ ನೋವಿನಿಂದ ಪಾಠ ಕಲಿತ ಆ ರಾಜ್ಯ ತೀರದುದ್ದಕ್ಕೂ ಎತ್ತರದ ಆಶ್ರಯ ಕಟ್ಟಡಗಳನ್ನು ಕಟ್ಟಿತು, ಹಳ್ಳಿಹಳ್ಳಿಯಲ್ಲಿ ಸ್ವಯಂಸೇವಕರನ್ನು ತಯಾರು ಮಾಡಿತು. ಹೈಯಾನ್‌ಗೆ ಒಂದು ತಿಂಗಳು ಮೊದಲು, 2013ರ ಅಕ್ಟೋಬರ್ 12ರಂದು ಗೋಪಾಲಪುರದ ಬಳಿ 'ಫೈಲಿನ್' ಚಂಡಮಾರುತ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸಾಗಿಸಲಾಗಿತ್ತು. ಸತ್ತವರ ಸಂಖ್ಯೆ ಕೆಲವು ಹತ್ತುಗಳಿಗೆ ಸೀಮಿತವಾಯಿತು. ಫಿಲಿಪ್ಪೀನ್ಸ್ ಕೂಡ ಕಲಿತಿತು. 2014ರ ಡಿಸೆಂಬರಿನಲ್ಲಿ ಅದೇ ಸಮಾರ್ ದ್ವೀಪಕ್ಕೆ 'ಹಾಗುಪಿತ್' ಬರುವ ಮೊದಲು ಹತ್ತು ಲಕ್ಷದಷ್ಟು ಜನ ಮನೆ ಬಿಟ್ಟಿದ್ದರು, ಸಾವು ಇಪ್ಪತ್ತನ್ನು ದಾಟಲಿಲ್ಲ. 2015ರಲ್ಲಿ ಅಲ್ಲಿ ಐದನೆಯ ಸಂಕೇತ ಸೇರಿತು. ಕಡಲುಬ್ಬರಕ್ಕೆ 'ದಾಲುಯೋಂಗ್' ಎಂಬ ನಾಡನುಡಿಯ ಪದವೂ ಬಳಕೆಗೆ ಬಂತು.

ಇನ್ನು ಬೆಟ್ಟದ ಮಾತು. ಲೇಯ್ಟೆ ಕೇವಲ ಕಡಲತಡಿಯಲ್ಲ, ಅದರ ನಡುವೆ ಬೆನ್ನೆಲುಬಿನಂತೆ ಬೆಟ್ಟಸಾಲಿದೆ. ಟಾಕ್ಲೋಬಾನ್ ಆ ಸಾಲಿನ ಪೂರ್ವಕ್ಕಿದ್ದರೆ ಪಶ್ಚಿಮಕ್ಕೆ ಓರ್ಮೋಕ್ ನಗರವಿದೆ. 1991ರ ನವೆಂಬರ್ 5ರಂದು 'ಥೆಲ್ಮಾ' ಎಂಬ ಚಂಡಮಾರುತ ಈ ದ್ವೀಪವನ್ನು ದಾಟಿತು. ಗಾಳಿಯ ಲೆಕ್ಕದಲ್ಲಿ ಅದು ತೀರ ದುರ್ಬಲ, ಟೈಫೂನ್ ಎಂಬ ಹೆಸರಿಗೂ ಅರ್ಹವಲ್ಲ. ಆದರೆ ಅದು ಹೊತ್ತು ತಂದ ಮಳೆ ಬೆಟ್ಟದ ಮೇಲೆ ಸುರಿಯಿತು. ಕಾಡು ಬಹುಪಾಲು ಹೋಗಿ ಇಳಿಜಾರಿನಲ್ಲಿ ಕಬ್ಬು, ತೆಂಗು ಬೆಳೆದಿತ್ತು. ನೀರನ್ನು ಹಿಡಿದಿಡುವವರಿರಲಿಲ್ಲ. ಕೆಲವೇ ಗಂಟೆಗಳಲ್ಲಿ ಮಣ್ಣು ಮರಗಳೊಡನೆ ಪ್ರವಾಹ ನಗರಕ್ಕಿಳಿಯಿತು. ಹೊಳೆಯ ಪಾತ್ರದಲ್ಲಿಯೇ ಗುಡಿಸಲು ಕಟ್ಟಿಕೊಂಡಿದ್ದ ಬಡವರ 'ಇಸ್ಲಾ ವೆರ್ದೆ' ಕೇರಿ ಬಹುತೇಕ ಅಳಿಸಿಹೋಯಿತು. ಐದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದೇ ದ್ವೀಪದ ದಕ್ಷಿಣದ ಗಿನ್ಸಾಗೊನ್ ಹಳ್ಳಿಯಲ್ಲಿ ದಿನಗಟ್ಟಲೆ ಸುರಿದ ಮಳೆಗೆ ಹೆದರಿ ಮನೆ ಬಿಟ್ಟಿದ್ದವರಲ್ಲಿ ಅನೇಕರು ಮಳೆ ಇಳಿಯಿತೆಂದು ಮರಳಿ ಬಂದಿದ್ದರು. 2006ರ ಫೆಬ್ರುವರಿ 17ರಂದು ಬೆಟ್ಟದ ಪಾರ್ಶ್ವವೇ ಜಾರಿ ಹಳ್ಳಿಯನ್ನು ಮುಚ್ಚಿತು. ಶಾಲೆ ನಡೆಯುತ್ತಿದ್ದ ಹೊತ್ತು ಅದು. ಸತ್ತವರು ಸಾವಿರಕ್ಕೂ ಹೆಚ್ಚು.

ಒಂದೇ ದ್ವೀಪದ ಈ ಮೂರು ಘಟನೆಗಳನ್ನು ಒಟ್ಟಿಗಿಟ್ಟು ನೋಡಬೇಕು. 2013ರಲ್ಲಿ ಸಂಕೇತ ಗಾಳಿಯನ್ನು ಅಳೆಯಿತು, ಕೊಂದದ್ದು ಕಡಲು. 1991ರಲ್ಲಿ ಗಾಳಿ ದುರ್ಬಲವೆಂದಿತು, ಕೊಂದದ್ದು ಬೆಟ್ಟದ ನೀರು. 2006ರಲ್ಲಿ ಮಳೆ ಇಳಿದಿತ್ತು, ಕೊಂದದ್ದು ಮಳೆ ಕುಡಿದ ಮಣ್ಣು. ಅಳೆಯುವುದು ಒಂದನ್ನು, ಅಪಾಯ ಬರುವುದು ಇನ್ನೊಂದರಿಂದ.

ಈಗ ನಮ್ಮ ಕಡೆ ತಿರುಗೋಣ. ನಮಗೆ ಬರುವ ಎಚ್ಚರಿಕೆ ಬಣ್ಣಗಳಲ್ಲಿ ಬರುತ್ತದೆ. ಸಾಮಾನ್ಯವಾಗಿ ದಿನವೊಂದಕ್ಕೆ 64.5 ಮಿಲಿಮೀಟರ್ ಮೀರುವ ಮಳೆಗೆ ಹಳದಿ, 115.6ನ್ನು ಮುಟ್ಟಿದರೆ ಕಿತ್ತಳೆ, 204.4ನ್ನು ದಾಟಿದರೆ ಕೆಂಪು. ಇದು ಇಡೀ ಜಿಲ್ಲೆಗೆ ಒಂದೇ ಬಣ್ಣ, ಒಂದು ದಿನದ ಲೆಕ್ಕ. ಆದರೆ ಗುಡ್ಡ ಲೆಕ್ಕ ಇಡುವುದು ದಿನಕ್ಕಲ್ಲ. ಪುನರ್ವಸುವಿನಲ್ಲಿ ಕುಡಿದದ್ದನ್ನು ಅದು ಪುಷ್ಯದಲ್ಲಿಯೂ ಹೊತ್ತುಕೊಂಡಿರುತ್ತದೆ, ಆಶ್ಲೇಷಾದ ಒಂದು ಸಾಧಾರಣ ಮಳೆಗೆ ಕುಸಿಯಬಹುದು. ಆ ದಿನದ ಬಣ್ಣ ಹಳದಿಯಿದ್ದರೂ ಇರಬಹುದು. ರಸ್ತೆಗಾಗಿ ನೆಟ್ಟಗೆ ಕಡಿದ ಧರೆ ಯಾವುದು, ಹಳ್ಳದ ದಾರಿಗೆ ಮಣ್ಣು ತುಂಬಿ ನಿವೇಶನ ಮಾಡಿದ್ದು ಎಲ್ಲಿ ಎಂಬುದು ಆ ಬಣ್ಣಕ್ಕೆ ಗೊತ್ತಿಲ್ಲ. 2018ರ ಆಗಸ್ಟಿನ ಕೊಡಗು, 2024ರ ಜುಲೈ 16ರ ಶಿರೂರು, ಅದೇ ತಿಂಗಳ 30ರ ವಯನಾಡು ನಮ್ಮ ಕಣ್ಣೆದುರಿನವು. ವಯನಾಡಿನ ಹೆಣಗಳಿನ್ನೂ ಸಿಗುತ್ತಿದ್ದಾಗಲೇ ಎಚ್ಚರಿಕೆ ಕೊಟ್ಟಿದ್ದೆವು, ಕೊಟ್ಟಿರಲಿಲ್ಲ, ಕೊಟ್ಟದ್ದು ಯಾವ ಬಣ್ಣದ್ದು ಎಂಬ ವಾದ ಸಂಸತ್ತಿನವರೆಗೂ ಹೋಯಿತು. ಮಣ್ಣಿನಡಿ ಇದ್ದವರಿಗೆ ಆ ವಾದದಿಂದ ಆಗುವುದೇನೂ ಇರಲಿಲ್ಲ.

ಇನ್ನೊಂದು ಮಾತನ್ನು ವಿದ್ಯಾರ್ಥಿ ಮಿತ್ರರು ಬೇಸರಿಸದೆ ಕೇಳಬೇಕು. ನಮ್ಮ ಊರುಗಳಲ್ಲಿ 'ರೆಡ್ ಅಲರ್ಟ್' ಎಂದರೆ ಶಾಲೆಗೆ ರಜೆ ಎಂಬ ಅರ್ಥ ನಿಂತುಹೋಗಿದೆ. ರಜೆ ಕೊಡುವುದು ಸರಿಯೇ. ಆದರೆ ಮಗು ಶಾಲೆಯಿಂದ ಮರಳುವುದು ಯಾವ ಮನೆಗೆ? ಧರೆಯ ಕೆಳಗಿನ ಮನೆಗೇ ಆದರೆ ಕೆಂಪು ಬಣ್ಣ ಆ ಮಗುವಿಗೆ ಏನನ್ನೂ ಹೇಳಲಿಲ್ಲ. 'ಸ್ಟಾರ್ಮ್ ಸರ್ಜ್' ಟಾಕ್ಲೋಬಾನಿನಲ್ಲಿ ಹೇಗೆ ಅರ್ಥವಿಲ್ಲದ ಸದ್ದಾಗಿತ್ತೋ ಹಾಗೆಯೇ ಇದೂ ಆಗುತ್ತಿದೆ.

ಊರಿನ ಮಾತಿನಲ್ಲಿ ವಿಜ್ಞಾನ ಹೇಳಲಾಗದು ಎನ್ನುವವರಿಗೆ ಕೇರಳದ ಮೀನುಗಾರರ ಉದಾಹರಣೆ ಸಾಕು. ದೂರದ ಸಾಗರದಲ್ಲಿ ಹುಟ್ಟಿ, ಗಾಳಿಯ ಸುಳಿವೇ ಇಲ್ಲದೆ ದಡಕ್ಕೆ ನುಗ್ಗುವ ಅಲೆಯನ್ನು ಅವರು 'ಕಳ್ಳಕ್ಕಡಲ್' ಎಂದರು, ಕಳ್ಳನಂತೆ ಬರುವ ಕಡಲು ಎಂದು. 2012ರಲ್ಲಿ ಯುನೆಸ್ಕೋ ಆ ಪದವನ್ನೇ ಒಪ್ಪಿಕೊಂಡಿತು, ಇಂದು ಸಾಗರ ಮಾಹಿತಿ ಕೇಂದ್ರದ ಎಚ್ಚರಿಕೆಗಳಲ್ಲಿ ಅದೇ ಪದವಿದೆ. ನಮ್ಮ ಹಿರಿಯರಲ್ಲಿಯೂ ಇಂಥ ತಿಳಿವಳಿಕೆಯಿದೆ. ತಿಳಿಯಾಗಿದ್ದ ಒರತೆ ಕೆಂಪಾದರೆ, ಒಣ ಜಾಗದಲ್ಲಿ ಹೊಸ ಒರತೆ ಎದ್ದರೆ, ಅಂಗಳದಲ್ಲಿ ಬಿರುಕು ಕಂಡರೆ, ಮುಚ್ಚುತ್ತಿದ್ದ ಬಾಗಿಲು ಬಿಗಿಯಾದರೆ, ನೆಟ್ಟಗಿದ್ದ ಮರ ವಾಲಿದರೆ ಗುಡ್ಡ ಕದಲುತ್ತಿದೆ ಎಂದು ತಿಳಿಯಬೇಕು. ಜಡಿಮಳೆಯ ನಡುವೆ ಹಳ್ಳ ಇದ್ದಕ್ಕಿದ್ದಂತೆ ಸಣ್ಣದಾದರೆ ಸಮಾಧಾನ ಪಡಬಾರದು. ಮೇಲೆಲ್ಲೋ ಮಣ್ಣು ಅಡ್ಡ ಬಿದ್ದು ನೀರು ಕಟ್ಟಿಕೊಂಡಿದೆ, ಒಡೆದರೆ ಒಟ್ಟಿಗೆ ಬರುತ್ತದೆ. ಟಾಕ್ಲೋಬಾನಿನ ಹಿಂದೆ ಸರಿದ ಕಡಲು ಹೇಳಿದ್ದೂ ಇಂಥದೇ ಮಾತನ್ನು.

ಇದನ್ನು ಹೇಳಿ ಸರ್ಕಾರದ ಹೊಣೆಯನ್ನು ಹಳ್ಳಿಗರ ತಲೆಗೆ ಕಟ್ಟುವುದು ನಮ್ಮ ಉದ್ದೇಶವಲ್ಲ. ಕಡಲು ಕಾಯುತ್ತಿದೆ, ಬೆಚ್ಚಗಿನ ಕಡಲಿನಿಂದ ಪ್ರಬಲ ಚಂಡಮಾರುತಗಳ ಪಾಲು ಹೆಚ್ಚುತ್ತಿದೆ ಎಂದು ಜಗತ್ತಿನ ವಿಜ್ಞಾನಿಗಳು ಹೇಳುತ್ತಿದ್ದಾರೆ. 2021ರ ಮೇ ತಿಂಗಳಲ್ಲಿ 'ತೌಕ್ತೆ' ನಮ್ಮ ಕರಾವಳಿಯ ಮಗ್ಗುಲಲ್ಲೇ ಹಾದುಹೋದದ್ದನ್ನು ಮರೆಯುವಂತಿಲ್ಲ. ಹೀಗಿರುವಾಗ ಇಳಿಜಾರನ್ನು ಕಡಿದು, ಕಾಡನ್ನು ತೆಗೆದು, ಹೊಳೆಯ ಪಾತ್ರವನ್ನು ಮಾರಿ, ಕೊನೆಗೆ 'ಎಚ್ಚರಿಕೆ ಕೊಟ್ಟಿದ್ದೆವು' ಎನ್ನುವ ಆಡಳಿತವನ್ನು ನಾವು ಒಪ್ಪಬಾರದು. ಅಪಾಯವನ್ನು ಹುಟ್ಟಿಸಿದವರಿಗೆ ಎಚ್ಚರಿಕೆ ಗುರಾಣಿಯಾಗಬಾರದು. ಪ್ರತಿ ಪಂಚಾಯಿತಿಗೆ ಮಳೆಮಾಪಕ, ಇಳಿಜಾರುಗಳ ಸಮೀಕ್ಷೆ, ನೀರಿಗೂ ಧರೆಗೂ ದೂರವಿರುವ ಆಶ್ರಯ ಕಟ್ಟಡ, ಬಿಟ್ಟು ಬಂದ ದನಕರುಗಳಿಗೆ ಮೇವು, ಮನೆಗೆ ಕಾವಲು ಇವು ನಾವು ಹಕ್ಕಿನಿಂದ ಕೇಳಬೇಕಾದವು. ಹೊರಟು ಬಂದಮೇಲೆ ಏನೂ ಆಗದಿದ್ದರೆ ನಗುವ ಚಾಳಿಯನ್ನು ನಾವೂ ಬಿಡಬೇಕು. ಕುಸಿಯದ ಗುಡ್ಡದ ಕೆಳಗಿನಿಂದ ಒಂದು ರಾತ್ರಿ ಎದ್ದು ಹೋದದ್ದು ನಷ್ಟವಲ್ಲ.

ಆದರೆ ಸರ್ಕಾರಕ್ಕೆ ಕಾಯದೆ ನಾವೇ ಮಾಡಬಹುದಾದ ಒಂದು ಕೆಲಸವಿದೆ. ಮುಂಗಾರಿಗೆ ಮೊದಲು ಪ್ರತಿ ಕೇರಿಯೂ ಒಂದು ಸಂಜೆ ಕೂಡಲಿ. ವಿದ್ಯಾರ್ಥಿಗಳು ಕಾಗದ ಲೇಖನಿ ಹಿಡಿಯಲಿ, ಹಿರಿಯರು ಹೇಳಲಿ. ಹಿಂದೆ ಎಲ್ಲಿ ಕುಸಿದಿತ್ತು, ಯಾವ ಹಳ್ಳ ಎಲ್ಲಿಯವರೆಗೆ ಏರಿತ್ತು, ಯಾವ ಗುರುತು ಕಂಡರೆ ಏಳಬೇಕು, ಎಲ್ಲಿಗೆ ಹೋಗಬೇಕು, ನಡೆಯಲಾಗದವರನ್ನು ಯಾರು ಎತ್ತಿಕೊಳ್ಳಬೇಕು, ಕರೆಂಟೂ ಫೋನೂ ಸತ್ತ ರಾತ್ರಿ ಯಾರು ಯಾರ ಬಾಗಿಲು ಬಡಿಯಬೇಕು, ಇಷ್ಟನ್ನು ನಿಮ್ಮ ಊರಿನ ಮಾತಿನಲ್ಲಿ ಒಂದೇ ಪುಟದಲ್ಲಿ ಬರೆಯಿರಿ. ಒಂದು ಪ್ರತಿ ಶಾಲೆಯ ಗೋಡೆಗೆ, ಒಂದು ಪಂಚಾಯಿತಿಗೆ, ಒಂದು ನಮಗೆ. ಬಂದ ಪುಟಗಳನ್ನು ಮುಂದಿನ ಸಂಚಿಕೆಗಳಲ್ಲಿ ಊರಿನ ಹೆಸರಿನೊಂದಿಗೆ ಪ್ರಕಟಿಸುತ್ತೇವೆ.